ಪಲಾವ್ ವಾಸನೆ ಬಾರದ ಕೇಕ್ ಮಸಾಲೆ: ನನ್ನ ಅನುಭವ

2019ರ ಡಿಸೆಂಬರ್‌ನಲ್ಲಿ ನನ್ನದೇ ಮಸಾಲೆ ಪುಡಿ ಹಾಕಿ ಮೊದಲ ಪ್ಲಮ್ ಕೇಕ್ ಮಾಡಿದ್ದೆ. ಒಂದು ತುಂಡು ಬಾಯಿಗಿಟ್ಟ ನಾದಿನಿ ಕೇಳಿದ್ದು ಒಂದೇ ಮಾತು, "ಅತ್ತಿಗೆ, ಮೊಸರು ಬಜ್ಜಿ ಎಲ್ಲಿ?" ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಒಬ್ಬಳೇ ಕೂತು ತಿಂದು ನೋಡಿದೆ. ಅವಳು ಹೇಳಿದ್ದು ಸರಿ. ಪಕ್ಕಾ ಪಲಾವ್.

ಮೈಸೂರಿನಲ್ಲಿ ಮನೆಯಲ್ಲೇ ಓಟಿಜಿ (ಪುಟ್ಟ ಕರೆಂಟ್ ಓವನ್) ಇಟ್ಟುಕೊಂಡು ಆರ್ಡರ್ ಮೇಲೆ ಕೇಕ್ ಮಾಡಿಕೊಡುತ್ತೇನೆ. ಅಂಗಡಿಯ ಮಿಕ್ಸ್‌ಡ್ ಸ್ಪೈಸ್, ಅಂದರೆ ಕೇಕಿಗೆ ಹಾಕುವ ರೆಡಿ ಮಸಾಲೆ ಪುಡಿ, 30 ಗ್ರಾಂ ಬಾಟಲಿಗೆ ಹೆಚ್ಚುಕಡಿಮೆ 200 ರೂಪಾಯಿ. ಕೆಜಿ ಕೇಕಿಗೆ 5 ಗ್ರಾಂ ಅಂದರೂ ಒಂದು ಸೀಸನ್ನಿಗೆ ಐದಾರು ಬಾಟಲಿ ಬೇಕು. ನನ್ನ ತವರು ಶಿರಸಿ ಕಡೆ. ಅಡಿಕೆ ತೋಟದ ಮಧ್ಯೆ ಜಾಯಿಕಾಯಿ ಮರ ಇರುವಾಗ ಬಾಟಲಿಗೆ ಯಾಕೆ ದುಡ್ಡು ಸುರಿಯಬೇಕು ಅಂತ ಹೊರಟೆ. "ಸುಮ್ನೆ ಕೊಂಡು ಹಾಕು, ಅದಕ್ಕೆ ಬೇರೆ ಲೆಕ್ಕ ಇರುತ್ತೆ" ಅಂದವರೇ ಜಾಸ್ತಿ.

ಮೊದಲ ಸಲ ಮಾಡಿದ ತಪ್ಪು ಒಂದೆರಡಲ್ಲ. ಸಾರಿನ ಪುಡಿಗೆ ಹುರಿದ ಹಾಗೆ ಎಲ್ಲವನ್ನೂ ಬಾಣಲೆಯಲ್ಲಿ ಹುರಿದೆ. ಕಿರಾಣಿ ಅಂಗಡಿಯ ದಪ್ಪ ಚಕ್ಕೆ ಹಾಕಿದೆ, ಲವಂಗ ಕೈತುಂಬ, ಜೊತೆಗೆ ಎರಡು ಚಕ್ರಮೊಗ್ಗು. ಇದು ಪಲಾವ್ ಆಗದೆ ಇನ್ನೇನಾಗಬೇಕು ಹೇಳಿ! ಆ ವರ್ಷ ಏಲಕ್ಕಿ ರೇಟು ಬೇರೆ ಆಕಾಶದಲ್ಲಿತ್ತು, ಆಗಸ್ಟ್‌ನಲ್ಲಿ ಕೇರಳದ ಹರಾಜಿನಲ್ಲಿ ಕೆಜಿಗೆ 7000 ರೂಪಾಯಿ ಮುಟ್ಟಿತ್ತು, ನಮ್ಮ ತೋಟದ ಏಲಕ್ಕಿಯೋ ಕಟ್ಟೆ ರೋಗಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ಹಾಗಾಗಿ ಜಿಪುಣತನ ಮಾಡಿ ಸಿಪ್ಪೆಯನ್ನೂ ಸೇರಿಸಿ ರುಬ್ಬಿದೆ. ಕೇಕ್ ತಿಂದವರ ಹಲ್ಲಿಗೆ ನಾರು.

ಎರಡನೇ ಸಲ ಹುರಿಯಲಿಲ್ಲ, ಚಕ್ರಮೊಗ್ಗು ಬಿಟ್ಟೆ. ವಾಸನೆ ಚೆನ್ನಾಗಿಯೇ ಬಂತು. ಎರಡು ಕೆಜಿ ಆರ್ಡರ್ ಕಳಿಸಿದೆ. ಸಂಜೆ ಫೋನ್ ಬಂತು, "ಮೇಡಂ, ಕೇಕ್ ಗಂಟಲಲ್ಲಿ ಖಾರ ಖಾರ ಆಗ್ತಿದೆ." ಖಾರದ ಪುಡಿ ಮಾಡುವ ಮಿಕ್ಸಿ ಜಾರನ್ನೇ ಬಳಸಿದ್ದೆ. ಮೂರು ಸಲ ತೊಳೆದಿದ್ದೆ, ಆದರೂ ಬ್ಲೇಡಿನ ಕೆಳಗೆ ಬ್ಯಾಡಗಿ ಕೂತಿತ್ತು. 1800 ರೂಪಾಯಿ ವಾಪಸ್ ಕೊಟ್ಟೆ, ಡ್ರೈ ಫ್ರೂಟ್ಸ್ ಬೆಣ್ಣೆ ಲೆಕ್ಕ ಹಾಕಿದರೆ ಇನ್ನೂ ಏಳೆಂಟುನೂರು ಹೋಯಿತು. ಮರುದಿನವೇ 450 ಕೊಟ್ಟು ಬೇರೆ ಜಾರ್ ತಂದೆ. ಅದಕ್ಕೆ ಈಗಲೂ ಮನೆಯಲ್ಲಿ ಯಾರೂ ಕೈ ಹಾಕುವ ಹಾಗಿಲ್ಲ.

ಜಾಯಿಕಾಯಿಯದು ಇನ್ನೊಂದು ಕತೆ. ನಮ್ಮ ಕಡೆ ಕಾಯಿ ಒಡೆಯುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲ, ಹಾಗೇ ಬಿಟ್ಟರೆ ಬೂಷ್ಟು. ಅಪ್ಪ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ಕಳಿಸಿದ್ದರು. ಚಿಪ್ಪಿನೊಳಗೆ ಗಡಗಡ ಅಲುಗುತ್ತಿತ್ತು, ಅಂದರೆ ಚೆನ್ನಾಗಿ ಒಣಗಿದೆ. ಆದರೆ ಒಡೆದು ತುರಿದರೆ ಹೊಗೆ ವಾಸನೆ! ಅದನ್ನು ಕೇಕಿಗೆ ಹಾಕಲಿಲ್ಲ, ಬಿಸಾಡಲೂ ಮನಸ್ಸು ಬರಲಿಲ್ಲ. ರಾಗಿ ಬಿಸ್ಕತ್ತಿಗೆ ಬೆಲ್ಲ, ಶುಂಠಿ ಪುಡಿ ಜೊತೆ ಹಾಕಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ಈಗ ಬೇಕಂತಲೇ ಹೊಗೆಯ ಜಾಯಿಕಾಯಿ ತರಿಸುತ್ತೇನೆ. ಕೇಕಿಗೆ ಮಾತ್ರ ಬಿಸಿಲು ಕಂಡದ್ದೇ.

ಈಗಿನ ಲೆಕ್ಕ 100 ಗ್ರಾಂ ಪುಡಿಗೆ ಹೇಳುತ್ತೇನೆ, ಎಲ್ಲ ಅಂದಾಜು. ಸಿಲೋನ್ ಚಕ್ಕೆ 40 ಗ್ರಾಂ. ಸುರುಳಿಯೊಳಗೆ ಸುರುಳಿ, ಕೈಯಲ್ಲೇ ಮುರಿಯುವಷ್ಟು ತೆಳು, ಅದೇ ಬೇಕು. ಶುಂಠಿ ಪುಡಿ 20, ಜಾಯಿಕಾಯಿ 12, ಏಲಕ್ಕಿ ಕಾಳು 10, ಜಾಪತ್ರೆ 5, ಲವಂಗ 4. ಲವಂಗ ಇದಕ್ಕಿಂತ ಹೆಚ್ಚಾದರೆ ನಾಲಿಗೆ ಜೋಮು ಹಿಡಿಯುತ್ತದೆ. ಉಳಿದ ಎಂಟೊಂಬತ್ತು ಗ್ರಾಂ ಕೊತ್ತಂಬರಿ ಬೀಜ, ಹೌದು, ಕೊತ್ತಂಬರಿ ಬೀಜವೇ. ಇಂಗ್ಲೆಂಡಿನ ಮಿಕ್ಸ್‌ಡ್ ಸ್ಪೈಸ್‌ನಲ್ಲೂ ಅದು ಇರುತ್ತದೆ. ಅತ್ತೆಯವರಿಗೆ ಹೇಳಿದಾಗ "ಹಾಗಾದ್ರೆ ತೊಗರಿಬೇಳೆನೂ ಹಾಕಮ್ಮ" ಅಂದರು. ಹುರಿದರೆ ಸಾರು, ಹಸಿಯಾಗಿ ಹಾಕಿದರೆ ನಿಂಬೆ, ಕಿತ್ತಳೆಯ ಹತ್ತಿರದ ವಾಸನೆ. ಇದನ್ನು ಕಂಡುಕೊಂಡಿದ್ದಕ್ಕೆ ನನಗೆ ಸ್ವಲ್ಪ ಜಂಬ ಇದೆ. ಇನ್ನೊಂದು ಸಾಮಾನು ಒಂದು ಚಿಟಿಕೆ ಹಾಕುತ್ತೇನೆ, ಅದನ್ನು ಹೇಳುವುದಿಲ್ಲ, ಆರ್ಡರ್ ಬರುವುದೇ ಅದರಿಂದ.

ಚಕ್ಕೆ, ಲವಂಗ, ಕೊತ್ತಂಬರಿಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡುತ್ತೇನೆ, ಗಾಳಿಯಾಡದ ಡಬ್ಬಿಯಲ್ಲಿ, ಇಲ್ಲದಿದ್ದರೆ ತೇವ ಹಿಡಿಯುತ್ತದೆ. ಐದೈದು ಸೆಕೆಂಡು ಮಿಕ್ಸಿ ತಿರುವಿ ಬಿಡುವುದು. ಜಾರ್ ಬೆಚ್ಚಗಾದರೆ ನಿಲ್ಲಿಸಿಬಿಡಿ, ಪರಿಮಳ ನಿಮ್ಮ ಅಡುಗೆಮನೆಗೆ ಹೋಗುತ್ತದೆ, ಡಬ್ಬಿಗಲ್ಲ. ಜಾಯಿಕಾಯಿ ಮಿಕ್ಸಿಗೆ ಬೇಡ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ತುರಿಯಿರಿ. ಕೊನೆಗೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಬಟ್ಟೆಯಲ್ಲಿ ಉಳಿದ ತರಿ ನಮ್ಮ ಮನೆಯ ಟೀಗೆ. ಹೊಸ ಪುಡಿಯಲ್ಲಿ ಒಂದೊಂದು ವಾಸನೆಯೂ ಬೇರೆ ಬೇರೆ ಕೂಗುತ್ತಿರುತ್ತದೆ, ಎರಡು ವಾರ ಮುಚ್ಚಿಟ್ಟರೆ ಒಂದಾಗುತ್ತದೆ.

ಖರ್ಚು 100 ಗ್ರಾಂಗೆ ಸುಮಾರು 180 ರೂಪಾಯಿ, ಜಾಯಿಕಾಯಿ ಅಪ್ಪನದು ಅನ್ನಿ. ಬಾಟಲಿಯದಾದರೆ ಅಷ್ಟಕ್ಕೇ 650ರ ಮೇಲೆ.

ಬೇರೆ ಕಡೆಯೂ ಹಾಕಿ ನೋಡಿದೆ. ಬನ್ ಹಿಟ್ಟಿಗೇ ಕಲಸಿದರೆ ಹಿಟ್ಟು ಉಬ್ಬಲೇ ಇಲ್ಲ, ಚಕ್ಕೆ ಜಾಸ್ತಿಯಾದರೆ ಈಸ್ಟ್ ಮಂಕಾಗುತ್ತದೆ. ಈಗ ಸಕ್ಕರೆ, ಬೆಣ್ಣೆ ಜೊತೆ ಒಳಗೆ ಸವರುತ್ತೇನೆ. ಬಾಳೆಹಣ್ಣಿನ ಕೇಕಿಗೆ ಭೇಷ್. ಮೈಸೂರಿನಲ್ಲಿ ಕೂತು ಮೈಸೂರು ಪಾಕಿಗೂ ಒಂದು ಚಮಚ ಹಾಕಿದ್ದೆ, ಆ ವಿಷಯ ಬೇಡ ಬಿಡಿ. ತವರಲ್ಲಿ ಒಂದು ಆಲ್‌ಸ್ಪೈಸ್ ಮರವೂ ಇದೆ (ಒಂದೇ ಕಾಯಲ್ಲಿ ಚಕ್ಕೆ, ಲವಂಗ, ಜಾಯಿಕಾಯಿ ಮೂರರ ವಾಸನೆ ಬರುವ ಮಸಾಲೆ ಅದು), ಇಷ್ಟು ವರ್ಷಕ್ಕೆ ಒಂದು ಕಾಯಿ ಬಿಟ್ಟಿಲ್ಲ. ಎಲೆ ಒಣಗಿಸಿ ಪುಡಿ ಮಾಡಿ ಹಾಕಿದರೆ ಕೇಕಿಗೆ ಕಷಾಯದ ವಾಸನೆ ಬಂತು.

ಕಳೆದ ಡಿಸೆಂಬರ್‌ನಲ್ಲಿ 35 ಕೆಜಿ ಕೇಕ್ ಹೋಯಿತು. ಅದರಲ್ಲಿ ಎರಡು ಕೆಜಿ ನಾದಿನಿಯದು, ಅವಳ ಆಫೀಸಿಗೆ. ದುಡ್ಡು ತಗೊಂಡೆ, ಪೂರ್ತಿ.