ದುಡ್ಡು ಹೋಗುವುದು ಗಂಟೆ ಲೆಕ್ಕದಲ್ಲಿ

ಪೈಲಟ್ ಆಗಲು ಹೊರಟಾಗ ಕಂಡವರನ್ನೆಲ್ಲ ನಾನು ಕೇಳಿದ್ದು ಒಂದೇ: ಒಟ್ಟು ಎಷ್ಟು ಖರ್ಚು? ಕೇಳಬೇಕಿದ್ದದ್ದು ಬೇರೆ. ಗಂಟೆಗೆ ಎಷ್ಟು, ನನಗೆ ನಿಜವಾಗಿ ಎಷ್ಟು ಗಂಟೆ ಬೇಕಾಗಬಹುದು?

ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊದ ಮಾನದಂಡದ ಪ್ರಕಾರ, ಸಂಬಳವಿಲ್ಲದೆ ಸ್ವಂತಕ್ಕೆ ಹಾರಲು ಬೇಕಾದ ಪ್ರೈವೇಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಹಾರಬೇಕು. ಸಂಬಳಕ್ಕೆ ಹಾರಲು ಬೇಕಾದ ಕಮರ್ಷಿಯಲ್‌ಗೆ 200, ಮಾನ್ಯತೆ ಪಡೆದ ಕೋರ್ಸ್ ಆದರೆ 150. ಈ 'ಕನಿಷ್ಠ' ಅನ್ನುವ ಪದವನ್ನು ನಾನು ಸರಿಯಾಗಿ ಓದಿರಲಿಲ್ಲ. ಮಧ್ಯದಲ್ಲಿ ದುಡ್ಡು ಖಾಲಿಯಾಗಿ ಎರಡು ತಿಂಗಳು ಹಾರಲಿಲ್ಲ. ವಾಪಸ್ ಬಂದಾಗ ಲ್ಯಾಂಡಿಂಗ್ ಕೈಬಿಟ್ಟುಹೋಗಿತ್ತು. ನೆಲ ಮುಟ್ಟುವ ಮುಂಚೆ ಮೂತಿ ಎಷ್ಟು ಎತ್ತಬೇಕು, ಯಾವಾಗ ಎತ್ತಬೇಕು ಅನ್ನುವ ಅಂದಾಜೇ ಇಲ್ಲ. ಕಲಿತದ್ದನ್ನೇ ಮತ್ತೆ ಕಲಿಯಲು ಆರು ಗಂಟೆ ಹೋಯಿತು. ಅವತ್ತೇ ತೀರ್ಮಾನಿಸಿದೆ: ಒಂದು ಹಂತ ಪೂರ್ತಿ ಮುಗಿಸುವಷ್ಟು ಹಣ ಕೂಡಿದ ಮೇಲೆಯೇ ಆ ಹಂತ ಶುರು ಮಾಡಬೇಕು.

ಹಾಗಂತ ಇಡೀ ಕೋರ್ಸಿನ ಹಣ ಮುಂಗಡ ಕಟ್ಟಲಿಲ್ಲ. ಜೊತೆಯವನೊಬ್ಬ ಕಟ್ಟಿದ್ದ. ವಿಮಾನಗಳು ರಿಪೇರಿಗೆ ನಿಂತಾಗ ಅವನ ದುಡ್ಡೂ ಅಲ್ಲೇ ನಿಂತಿತು.

ಬಿಲ್ಲಿಗೆ ಗಂಟೆ ಎಣಿಸುವ ತರಬೇತಿ ವಿಮಾನದ ಮೀಟರ್ ಸಾಮಾನ್ಯವಾಗಿ ಇಂಜಿನ್ ಓಡಿದಷ್ಟು ಹೊತ್ತೂ ತಿರುಗುತ್ತದೆ. ರನ್‌ವೇ ಪಕ್ಕ ಸುಮ್ನೆ ಕಾಯುತ್ತಿದ್ದರೂ ಅಷ್ಟೇ. ಅದಕ್ಕೇ ಕಾಕ್‌ಪಿಟ್ಟಿನ ದೊಡ್ಡ ಚಿತ್ರ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಚೆಕ್‌ಲಿಸ್ಟ್ ಬಾಯಿಪಾಠ ಮಾಡಿದೆ. ರೇಡಿಯೋದಲ್ಲಿ ಹೇಳಬೇಕಾದ ಮಾತುಗಳನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಇದರಿಂದ ಉಳಿದ ಹಣ ಸಣ್ಣದಲ್ಲ.

ಮೊದಲೇ ಸರಿಯಾಗಿ ಮಾಡಿದ್ದು ಒಂದು ಕೆಲಸ: ಫೀಸ್ ಕಟ್ಟುವ ಮುಂಚೆ ಕ್ಲಾಸ್ 1 ಮೆಡಿಕಲ್, ಅಂದರೆ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಅದು ಆಗಲೇ ಗೊತ್ತಾಗಬೇಕು, ಅಲ್ವಾ?

ಕಮರ್ಷಿಯಲ್ ಲೈಸೆನ್ಸ್ ಬಂದ ಕೂಡಲೇ ಕೆಲಸ ಸಿಗಲಿಲ್ಲ. ಏರ್‌ಲೈನ್ ಜೆಟ್‌ಗೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಬೇರೆ ಬೇಕು. ಏರ್‌ಬಸ್ ಎ320 ರೇಟಿಂಗ್ ಇಟ್ಟುಕೊಂಡು ಬೋಯಿಂಗ್ 737 ಹಾರಿಸುವ ಹಾಗಿಲ್ಲ. ಯಾವ ಏರ್‌ಲೈನ್ ಕರೆಯುತ್ತದೋ ಗೊತ್ತಿಲ್ಲದೆ ಅದಕ್ಕೆ ಸಾಲ ಮಾಡಲು ನನಗೆ ಮನಸ್ಸು ಬರಲಿಲ್ಲ. ಇನ್‌ಸ್ಟ್ರಕ್ಟರ್ ಆದೆ. ಅಲ್ಲಿಯವರೆಗೆ ದುಡ್ಡು ಕೊಟ್ಟು ಹಾರುತ್ತಿದ್ದವನಿಗೆ ಈಗ ಹಾರಿದ್ದಕ್ಕೆ ಸಂಬಳ. ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್; ಅದಕ್ಕೆ ಬೇಕಾದ 1500 ಗಂಟೆಯ ಕಡೆಗೆ ಲಾಗ್‌ಬುಕ್ಕೂ ತುಂಬತೊಡಗಿತು. ವಿದ್ಯಾರ್ಥಿಗಳ ಲ್ಯಾಂಡಿಂಗ್ ತಿದ್ದುತ್ತಾ ನನ್ನ ಲ್ಯಾಂಡಿಂಗ್ ಹಿಂದೆಂದಿಗಿಂತ ಜಾಸ್ತಿ ಚೆನ್ನಾಯಿತು.

ಟೈಪ್ ರೇಟಿಂಗ್‌ಗೆ ಹಣ ಕಟ್ಟಿದ್ದು ನೇಮಕದ ಪತ್ರ ಕೈಗೆ ಬಂದ ಮೇಲೆ.