ವಂಶವೃಕ್ಷದ ಹಾಳೆಯಿಂದ ಎಚ್‌ಪಿಎಲ್‌ಸಿ ವರದಿಯವರೆಗೆ: ಥಲಸೀಮಿಯಾ ವಾಹಕರನ್ನು ಗುರುತಿಸುವ ನನ್ನ ಕ್ರಮ

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಕಡೆಯಿಂದ ರಕ್ತಹೀನತೆಯ ಮಗುವನ್ನು ಕರೆದುಕೊಂಡು ಬರುವವರ ಕೈಯಲ್ಲಿ ರಿಪೋರ್ಟುಗಳ ಕಟ್ಟೇ ಇರುತ್ತದೆ. ನಾನು ಹುಡುಕುವುದು ಥಲಸೀಮಿಯಾವನ್ನು, ಅಂದರೆ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಿಂದ ಬರುವ ರಕ್ತಹೀನತೆಯನ್ನು. ಆ ಕಟ್ಟನ್ನು ಬಿಚ್ಚುವ ಮೊದಲು ನಾನು ಒಂದು ಎ4 ಹಾಳೆಯನ್ನು ಅಡ್ಡ ಇಟ್ಟು ಮೂರು ತಲೆಮಾರಿನ ವಂಶವೃಕ್ಷ ಬರೆಯುತ್ತೇನೆ. ಇದಕ್ಕೆ ಬೇಕಾದದ್ದು ಪೆನ್ಸಿಲ್, ರಬ್ಬರ್, ಅರ್ಧ ಗಂಟೆ. ಕಾಯಿಲೆ ಮನೆತನದಲ್ಲಿ ಹರಿದು ಬಂದದ್ದೋ ಅಲ್ಲವೋ ಎನ್ನುವುದರ ಬಹುಪಾಲು ಇಲ್ಲೇ ಗೊತ್ತಾಗುತ್ತದೆ.

ಗುರುತುಗಳು ಎಲ್ಲ ಕಡೆಯೂ ಒಂದೇ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇರುವವರಿಗೆ ಪೂರ್ತಿ ಕಪ್ಪು, ವಾಹಕರಿಗೆ (ಕೆಟ್ಟ ಜೀನ್ ಒಂದಿದ್ದೂ ಕಾಯಿಲೆ ಇಲ್ಲದವರಿಗೆ) ಅರ್ಧ ಕಪ್ಪು, ತೀರಿಕೊಂಡವರ ಮೇಲೆ ಓರೆಗೆರೆ. ಗರ್ಭಪಾತಕ್ಕೆ ಸಣ್ಣ ತ್ರಿಕೋನ. ಯಾವ ಮಗುವಿನಿಂದ ವಿಚಾರಣೆ ಶುರುವಾಯಿತೋ ಅದಕ್ಕೆ ಬಾಣ. ಗಂಡ ಹೆಂಡಿರ ನಡುವೆ ಒಂದು ಅಡ್ಡಗೆರೆ, ಅವರು ರಕ್ತಸಂಬಂಧಿಗಳಾದರೆ ಜೋಡಿಗೆರೆ. ಮಗುವನ್ನು ಹಾಳೆಯ ಕೆಳಗೆ ಮಧ್ಯದಲ್ಲಿ ಬರೆದು ಮೇಲಕ್ಕೆ ಹೋಗಬೇಕು. ಅಜ್ಜನಿಂದ ಶುರು ಮಾಡಿದರೆ ಎಡಬಲದಲ್ಲಿ ಜಾಗ ಸಾಲುವುದಿಲ್ಲ.

ತಪ್ಪಾಗುವುದು ಕೇಳುವ ರೀತಿಯಲ್ಲಿ. ನಮ್ಮಲ್ಲಿ ಚಿಕ್ಕಪ್ಪನ ಮಗನೂ ಅಣ್ಣನೇ, ದೊಡ್ಡಮ್ಮನ ಮಗಳೂ ಅಕ್ಕನೇ. "ನಿಮ್ಮ ಅಣ್ಣಂದಿರು ಎಷ್ಟು ಜನ?" ಎಂದು ಕೇಳಿ ಬರೆದುಕೊಂಡ ವಂಶವೃಕ್ಷವನ್ನು ನಂಬಲಿಕ್ಕಾಗದು. "ನಿಮ್ಮ ಆಯಿ (ತಾಯಿ) ಹೆತ್ತ ಮಕ್ಕಳು ಎಷ್ಟು? ದೊಡ್ಡವರಿಂದ ಹೇಳಿ, ಹುಟ್ಟಿ ಹೋದದ್ದನ್ನೂ ಸೇರಿಸಿ" ಎಂದು ಕೇಳಬೇಕು. ದತ್ತು ಹೋದವರನ್ನು ಬೇರೆಯಾಗಿಯೇ ಕೇಳಬೇಕು. ಮಕ್ಕಳಿಲ್ಲದ ದೊಡ್ಡಪ್ಪನಿಗೆ ತಮ್ಮನ ಮಗನನ್ನು ಕೊಟ್ಟಿದ್ದರೆ ಮನೆಯವರು ಅವನನ್ನು ದೊಡ್ಡಪ್ಪನ ಮಗನೆಂದೇ ಹೇಳುತ್ತಾರೆ. ಕಾಗದಪತ್ರಕ್ಕೆ ಅದು ಸರಿ, ಜೀನ್‌ಗಳ ಲೆಕ್ಕಕ್ಕೆ ಅಲ್ಲ. ಗರ್ಭಪಾತದ ವಿಷಯವನ್ನು ಅತ್ತೆಯ ಎದುರು ಸೊಸೆಯ ಹತ್ತಿರ ಕೇಳಬಾರದು. ತೂಕ ನೋಡುವ ನೆಪದಲ್ಲಿ ಅವಳೊಬ್ಬಳನ್ನೇ ಒಳಗೆ ಕರೆದು ಕೇಳಿದರೆ ನಿಜ ಹೇಳುತ್ತಾಳೆ. ಸತ್ತ ಮಗುವಿನ ಬಗ್ಗೆ ಕೇಳುವಾಗ ಕಾಯಿಲೆಯ ಹೆಸರು ಕೇಳಿ ಪ್ರಯೋಜನವಿಲ್ಲ. ಎಷ್ಟು ತಿಂಗಳಿಗೆ ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿತ್ತೇ, ಎಷ್ಟು ಸಲ ರಕ್ತ ಕೊಟ್ಟರು ಎಂದು ಕೇಳಿ ಬರೆದುಕೊಳ್ಳಬೇಕು. ಥಲಸೀಮಿಯಾದ ತೀವ್ರ ರೂಪವಾದ ಬೀಟಾ ಥಲಸೀಮಿಯಾ ಮೇಜರ್ ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹುಟ್ಟುವಾಗ ಮಗುವಿನಲ್ಲಿರುವ ಭ್ರೂಣದ ಹಿಮೋಗ್ಲೋಬಿನ್ ಕಡಿಮೆಯಾಗಿ ವಯಸ್ಕರ ಹಿಮೋಗ್ಲೋಬಿನ್ ಬರಬೇಕಾದ ಹೊತ್ತು ಅದು.

"ನಮ್ಮದು ಗೋತ್ರ ಬೇರೆ, ರಕ್ತಸಂಬಂಧ ಅಲ್ಲ" ಎನ್ನುವ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಗೋತ್ರ ಸಾಗುವುದು ತಂದೆಯ ಕಡೆಯಿಂದ ಮಾತ್ರ. ಸೋದರಮಾವನ ಮಗಳ ಗೋತ್ರ ಯಾವಾಗಲೂ ಬೇರೆಯೇ, ಆದರೂ ಆ ಹುಡುಗ ಹುಡುಗಿ ಸರಾಸರಿ ತಮ್ಮ ಜೀನ್‌ಗಳಲ್ಲಿ 8ರಲ್ಲಿ 1 ಭಾಗವನ್ನು ಒಂದೇ ಅಜ್ಜ ಅಜ್ಜಿಯಿಂದ ಪಡೆದಿರುತ್ತಾರೆ. ಅಕ್ಕನ ಮಗಳನ್ನು ಮದುವೆಯಾದಲ್ಲಿ ಅದು 4ರಲ್ಲಿ 1. ಹುಡುಗ ಥಲಸೀಮಿಯಾ ವಾಹಕನಾಗಿದ್ದರೆ ಅವನ ಸೋದರಮಾವನ ಮಗಳೂ ವಾಹಕಳಾಗಿರುವ ಸಂಭವ ಸುಮಾರು 8ರಲ್ಲಿ 1. ಸಂಬಂಧವೇ ಇಲ್ಲದವಳಾದರೆ ಭಾರತದ ಸರಾಸರಿಯಂತೆ 100ಕ್ಕೆ 3-4. ಸೋದರಿಕೆಯ ಮದುವೆಯನ್ನು ನಾನು ಬೈಯುವುದಿಲ್ಲ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ರಕ್ತಪರೀಕ್ಷೆಗೆ ಅವರೇ ಒಪ್ಪುತ್ತಾರೆ.

ಇಷ್ಟಾದ ಮೇಲೆ ಜೀನ್ ಎಂದರೇನು ಎಂದು ಹೇಳುವುದು ಸುಲಭ. ಪ್ರತಿ ಜೀವಕೋಶದಲ್ಲಿ 46 ವರ್ಣತಂತು, 23 ಜೋಡಿ, ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ವರ್ಣತಂತುವಿನ ಮೇಲೆ ಒಂದೊಂದು ಜಾಗದಲ್ಲಿ ಒಂದೊಂದು ಜೀನ್. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್ 11ನೇ ವರ್ಣತಂತುವಿನಲ್ಲಿದೆ, ಆಲ್ಫಾದ್ದು 16ರಲ್ಲಿ. ಎರಡು ಬೀಟಾ ಜೀನ್‌ಗಳಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಅವರು ವಾಹಕರು, ಕಾಯಿಲೆಯವರಲ್ಲ. ಎರಡೂ ಕೆಟ್ಟರೆ ಮಾತ್ರ ಕಾಯಿಲೆ. ಅಪ್ರಬಲ ಎನ್ನುವುದು ಇದಕ್ಕೇ. ಹುಟ್ಟಿನಿಂದ ಬಂದದ್ದೆಲ್ಲ ಆನುವಂಶಿಕವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ: ಗರ್ಭಿಣಿಗೆ ರುಬೆಲ್ಲಾ ಸೋಂಕು ತಗುಲಿ ಮಗುವಿಗೆ ಕಿವಿ ಕೇಳದಿದ್ದರೆ ಅದು ಹುಟ್ಟಿನಿಂದ ಬಂದದ್ದು, ವಂಶದಿಂದ ಬಂದದ್ದಲ್ಲ.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಂಭವ 4ರಲ್ಲಿ 1. ಇದನ್ನು ಜನ ತಪ್ಪು ತಿಳಿಯುವುದು ಒಂದೇ ರೀತಿಯಲ್ಲಿ: "ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ." ಮಾತಿನಲ್ಲಿ ತಿದ್ದಲು ಹೋದರೆ ತಲೆಯಾಡಿಸಿ ಹೋಗುತ್ತಾರೆ. ಹಾಗಾಗಿ ಗಂಡನ ಕೈಗೊಂದು, ಹೆಂಡತಿಯ ಕೈಗೊಂದು ರೂಪಾಯಿ ನಾಣ್ಯ ಕೊಡುತ್ತೇನೆ. ಸಿಂಹದ ಮುಖ ಬಿದ್ದರೆ ಒಳ್ಳೆಯ ಜೀನ್, ಅಂಕಿ ಬಿದ್ದರೆ ಕೆಟ್ಟದ್ದು. ಇಬ್ಬರೂ ಒಟ್ಟಿಗೆ 20 ಸಲ ಚಿಮ್ಮಬೇಕು, ಪ್ರತಿ ಸಲದ ಫಲಿತಾಂಶವನ್ನು ಅವರೇ ಸಾಲಾಗಿ ಬರೆಯಬೇಕು. ಅಂಕಿ-ಅಂಕಿ ಬೆನ್ನುಬೆನ್ನಿಗೆ ಎರಡು ಸಲ ಬಿದ್ದದ್ದು, ಇನ್ನೊಂದು ಕಡೆ ಸಾಲಾಗಿ ಏಳೆಂಟು ಸಲ ಬೀಳದೇ ಹೋದದ್ದು ಆ ಪಟ್ಟಿಯಲ್ಲಿ ಕಾಣಬಹುದು. ನಾಣ್ಯಕ್ಕೆ ಹಿಂದಿನ ಸಲದ ನೆನಪಿಲ್ಲ ಎನ್ನುವುದು ಅವರಿಗೆ ಕೈಯಾರೆ ತಿಳಿಯುತ್ತದೆ. ಕಾಯಿಲೆಯ ಮಗುವಿನ ಆರೋಗ್ಯವಂತ ಅಣ್ಣನ ಲೆಕ್ಕಕ್ಕೂ ಇದೇ ಪಟ್ಟಿ ಸಾಕು. ಅಂಕಿ-ಅಂಕಿ ಬಿದ್ದವನ್ನು ಹೊಡೆದುಹಾಕಿದರೆ ಉಳಿಯುವುದು ಮೂರು ಬಗೆ, ಅದರಲ್ಲಿ ಎರಡು ವಾಹಕದ್ದು. ಅವನು ವಾಹಕನಾಗಿರುವ ಸಂಭವ 3ರಲ್ಲಿ 2, ಅರ್ಧಕ್ಕರ್ಧ ಅಲ್ಲ.

ಇನ್ನು ರಕ್ತ. ತಿಳಿನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ (ಇಡಿಟಿಎ ರಕ್ತ ಗಡ್ಡೆ ಕಟ್ಟದಂತೆ ತಡೆಯುತ್ತದೆ) ಗೆರೆಯವರೆಗೆ ತೆಗೆದು, ಅಲುಗಾಡಿಸದೆ 8-10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಸಣ್ಣ ಗಡ್ಡೆ ಕಟ್ಟಿದರೂ ಎಣಿಕೆ ಕೆಡುತ್ತದೆ. ಮಗುವಿಗೆ ರಕ್ತ ಕೊಟ್ಟು ಮೂರು ತಿಂಗಳಾಗದಿದ್ದರೆ ನಾವು ನೋಡುವುದು ದಾನಿಯ ರಕ್ತವನ್ನು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಂಥಲ್ಲಿ ತಂದೆ ತಾಯಿಯ ರಕ್ತ ತೆಗೆಯುವುದೇ ಸರಿ.

ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿಯಲ್ಲಿ ಎಲ್ಲರ ಕಣ್ಣು ಹಿಮೋಗ್ಲೋಬಿನ್ ಮೇಲೆ ಬೀಳುತ್ತದೆ. ನೋಡಬೇಕಾದ್ದು ಕಣದ ಗಾತ್ರ, ಅಂದರೆ ಎಂಸಿವಿ, ಮತ್ತು ಕೆಂಪು ಕಣಗಳ ಸಂಖ್ಯೆ. ಎಂಸಿವಿ 80ಕ್ಕಿಂತ, ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್ ಪ್ರಮಾಣ) 27ಕ್ಕಿಂತ ಕಡಿಮೆ ಇದ್ದರೆ ಮುಂದುವರಿಯಬೇಕು. ಒಬ್ಬರ ಹಿಮೋಗ್ಲೋಬಿನ್ 10.8, ಕೆಂಪು ಕಣ 56 ಲಕ್ಷ, ಎಂಸಿವಿ 64 ಎಂದಿಟ್ಟುಕೊಳ್ಳಿ. 56 ಲಕ್ಷವೆಂದರೆ 5.6 ಮಿಲಿಯನ್; 64ನ್ನು 5.6ರಿಂದ ಭಾಗಿಸಿದರೆ 11.4. ಇನ್ನೊಬ್ಬರ ಹಿಮೋಗ್ಲೋಬಿನ್ 9.2, ಕಣ 39 ಲಕ್ಷ, ಎಂಸಿವಿ 72; ಭಾಗಿಸಿದರೆ 18.5. ಈ ಮೆಂಟ್ಜರ್ ಸೂಚ್ಯಂಕ 13ಕ್ಕಿಂತ ಕಡಿಮೆ ಬಂದರೆ ಥಲಸೀಮಿಯಾ ವಾಹಕದ ಅನುಮಾನ, ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆಗೆ. ಕಬ್ಬಿಣ ಸಾಲದಾಗ ದೇಹ ಕಣಗಳನ್ನು ಕಡಿಮೆ ಹುಟ್ಟಿಸುತ್ತದೆ. ವಾಹಕರಲ್ಲಿ ಕಣಗಳು ಸಣ್ಣವು, ಆದರೆ ಸಂಖ್ಯೆ ಹೆಚ್ಚು. ಇದು ಅನುಮಾನಕ್ಕೆ ಮಾತ್ರ, ತೀರ್ಮಾನಕ್ಕಲ್ಲ. ಎರಡೂ ಒಟ್ಟಿಗೆ ಇರುವವರಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಯಂತ್ರವಿಲ್ಲದ ಕಡೆ ನೆಸ್ಟ್ರಾಫ್ಟ್ ಮಾಡಬಹುದು. ತೆಳು ಉಪ್ಪುನೀರಿನಲ್ಲಿ ಕೆಂಪು ಕಣ ಒಡೆಯುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ ಅದು. ಒಂದು ಟ್ಯೂಬಿನಲ್ಲಿ 0.36% ಬಫರ್ ಸಲೈನ್ 2 ಮಿ.ಲೀ., ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್ 2 ಮಿ.ಲೀ., ಎರಡಕ್ಕೂ 20 ಮೈಕ್ರೋಲೀಟರ್ ರಕ್ತ. ಅರ್ಧ ಗಂಟೆ ಬಿಟ್ಟು, ಕಪ್ಪು ಗೆರೆ ಎಳೆದ ಬಿಳಿ ಕಾಗದದ ಮುಂದೆ ಹಿಡಿಯಬೇಕು. ನೀರಿನ ಟ್ಯೂಬಿನಲ್ಲಿ ಗೆರೆ ಸ್ಪಷ್ಟ ಕಾಣಬೇಕು. ಸಲೈನ್ ಟ್ಯೂಬಿನಲ್ಲಿ ಗೆರೆ ಮಸುಕಾದರೆ ಪಾಸಿಟಿವ್: ವಾಹಕರ ಕಣಗಳು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಟ್ಯೂಬಿನಲ್ಲಿ ಸೋಪಿನ ಅಂಶ ಉಳಿದಿದ್ದರೆ ಕಣಗಳೆಲ್ಲ ಒಡೆದು ವಾಹಕರೂ ನೆಗೆಟಿವ್ ಆಗಿ ಕಾಣುತ್ತಾರೆ. ಕಬ್ಬಿಣದ ಕೊರತೆಯಲ್ಲೂ ಪಾಸಿಟಿವ್ ಬರುತ್ತದೆ.

ಖಚಿತಪಡಿಸಲು, ರಕ್ತದಲ್ಲಿರುವ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಬೇಕು. ಅದಕ್ಕೆ ಮಾದರಿಯನ್ನು ದೂರದ ಲ್ಯಾಬಿಗೆ ಕಳಿಸಬೇಕಾದರೆ ಸಿಬಿಸಿಯನ್ನು ಅದೇ ದಿನ ಊರಿನಲ್ಲೇ ಮಾಡಿಸಿಬಿಡಿ. ಕರಾವಳಿಯ ಸೆಕೆಯಲ್ಲಿ ಒಂದು ದಿನ ಹೊರಗಿದ್ದ ರಕ್ತದಲ್ಲಿ ಕಣಗಳು ಉಬ್ಬುತ್ತವೆ, ಎಂಸಿವಿ ಏರುತ್ತದೆ, 78 ಇದ್ದದ್ದು 82 ಆಗಿ ವಾಹಕ ತಪ್ಪಿಹೋಗುತ್ತಾನೆ. ಎಚ್‌ಪಿಎಲ್‌ಸಿಗಾದರೆ 2-8 ಡಿಗ್ರಿಯಲ್ಲಿಟ್ಟ ರಕ್ತ ವಾರದವರೆಗೆ ನಡೆಯುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಬಂದ್ ಆದರೂ ಗಾಬರಿ ಬೇಡ, ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಮತ್ತು ಟ್ಯೂಬಿನ ನಡುವೆ ದಪ್ಪ ಬಟ್ಟೆ ಇರಲಿ. ತಾಗಿದರೆ ರಕ್ತ ಮಂಜುಗಡ್ಡೆಯಾಗಿ ಕಣ ಒಡೆಯುತ್ತದೆ.

ವರದಿಯಲ್ಲಿ ಎಚ್‌ಬಿಎ2 (ವಯಸ್ಕರಲ್ಲಿ ಸ್ವಲ್ಪವೇ ಇರುವ ಒಂದು ಬಗೆಯ ಹಿಮೋಗ್ಲೋಬಿನ್) ನೋಡಿ. 3.5% ದಾಟಿದ್ದು, ಎಂಸಿವಿಯೂ ಕಡಿಮೆ ಇದ್ದರೆ ಬೀಟಾ ವಾಹಕ. ಕಬ್ಬಿಣದ ಕೊರತೆ ಎಚ್‌ಬಿಎ2ವನ್ನು ಕೆಳಗೆಳೆಯುತ್ತದೆ, ಬಿ12 ಕೊರತೆ ಮೇಲಕ್ಕೆತ್ತುತ್ತದೆ. ಗಡಿಯಂಚಿನ ಅಂಕಿ ಬಂದು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣ ಕೊಟ್ಟು, ಕೊರತೆ ನೀಗಿದ ಮೇಲೆ ಮತ್ತೆ ಮಾಡಿಸಬೇಕು. ಗರ್ಭಿಣಿಯಾದರೆ ಕಾಯುವಂತಿಲ್ಲ, ಅದೇ ವಾರ ಗಂಡನ ರಕ್ತವನ್ನೂ ನೋಡಬೇಕು. ವಾಹಕರಿಗೂ ಕಬ್ಬಿಣದ ಕೊರತೆ ಆಗಬಹುದು. ಆದರೆ ಫೆರಿಟಿನ್ ನೋಡದೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುವುದು ಸಲ್ಲದು.

ಇಬ್ಬರೂ ವಾಹಕರೆಂದಾದರೆ ಮುಂದಿನ ಹೆಜ್ಜೆ ಡಿಎನ್‌ಎ ಪರೀಕ್ಷೆ: ಇಬ್ಬರ ಜೀನ್‌ನಲ್ಲೂ ತಪ್ಪು ಯಾವ ಅಕ್ಷರದಲ್ಲಿದೆ ಎಂದು ಹುಡುಕುವುದು. ಭಾರತದಲ್ಲಿ ಅತಿ ಹೆಚ್ಚು ಕಾಣುವುದು ಐವಿಎಸ್ 1-5 ಎಂಬ ಬದಲಾವಣೆ. ಈ ಪರೀಕ್ಷೆ ಬಸಿರಾಗುವ ಮೊದಲೇ ಆಗಿರಬೇಕು. ಗರ್ಭದ ಪರೀಕ್ಷೆಗೆ ಕೋರಿಯಾನಿಕ್ ವಿಲ್ಲಸ್ (ಬೆಳೆಯುತ್ತಿರುವ ಮಾಸಿನ ಚೂರು) ಮಾದರಿ ತೆಗೆಯುವುದು 11-13 ವಾರದಲ್ಲಿ, ಗರ್ಭಜಲ ತೆಗೆಯುವುದು 15 ವಾರದ ನಂತರ. ತಂದೆತಾಯಿಯ ಫಲಿತಾಂಶ ಕೈಯಲ್ಲಿಲ್ಲದೆ ಆ ವಾರಗಳು ಬಂದರೆ ಹೊತ್ತು ಮೀರುತ್ತದೆ. ಇದಕ್ಕೆ ನೋಂದಾಯಿತ ಕೇಂದ್ರಕ್ಕೇ ಹೋಗಬೇಕು. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಂತೆ ಮಗು ಗಂಡೋ ಹೆಣ್ಣೋ ಎಂದು ಯಾರೂ ಹೇಳುವಂತಿಲ್ಲ, ಕೇಳುವಂತಿಲ್ಲ.

ವಾಹಕ ಎಂಬ ವರದಿಯನ್ನು ನಾನು ಆ ವ್ಯಕ್ತಿಯ ಕೈಗೇ ಕೊಡುತ್ತೇನೆ, ಜೊತೆಗೆ ಬಂದ ಮಾವನ ಕೈಗಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ವರದಿ ಮಾತ್ರ ಕೇಳಿ ಹುಡುಗನದನ್ನು ಬಿಡುವವರಿಗೆ ನಾಣ್ಯದ ಪಟ್ಟಿಯನ್ನೇ ಮತ್ತೆ ತೋರಿಸುತ್ತೇನೆ: ಒಂದೇ ನಾಣ್ಯದಿಂದ ಅಂಕಿ-ಅಂಕಿ ಬೀಳುವುದಿಲ್ಲ. ಆಮೇಲೆ ಮೊದಲು ಬರೆದ ಹಾಳೆಯಲ್ಲಿ ಅರ್ಧ ಕಪ್ಪು ತುಂಬಿ, ವಾಹಕರ ಒಡಹುಟ್ಟಿದವರ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇನೆ. ಅವರಲ್ಲಿ ಪ್ರತಿಯೊಬ್ಬರೂ ವಾಹಕರಾಗಿರುವ ಸಂಭವ ಕನಿಷ್ಠ ಅರ್ಧಕ್ಕರ್ಧ. ಅದರಲ್ಲೂ ಮದುವೆ ನಿಶ್ಚಯವಾದವರು, ಹೊಸದಾಗಿ ಬಸಿರಾದವರು ಯಾರಿದ್ದಾರೋ ಅವರಿಗೆ ಮೊದಲು ಹೇಳಿ ಕಳಿಸಬೇಕು.