ಕಂಕುಳ ಹಳದಿ ಕಲೆ: ಒಂದು ಅಂಗಿ ಹಾಳಾದ ಮೇಲೆ ಕಲಿತಿದ್ದು

ನನ್ನ ಹತ್ತಿರ ಮೂರು ಬಿಳಿ ಅಂಗಿ ಇದ್ದವು. ಮೂರಕ್ಕೂ ಕಂಕುಳಲ್ಲಿ ಹಳದಿ. ಏಪ್ರಿಲ್ ಸೆಖೆ ಗೊತ್ತಲ್ವಾ, ತೀರ್ಥಹಳ್ಳಿಯಿಂದ ಬಸ್ಸಲ್ಲಿ ನಿಂತ್ಕೊಂಡು ಬಂದು ಶಿವಮೊಗ್ಗದಲ್ಲಿ ಇಳಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಬೆನ್ನಿನದು ಒಂದು ಒಗೆತಕ್ಕೆ ಹೋಗುತ್ತಿತ್ತು. ಕಂಕುಳದ್ದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಮುಟ್ಟಿದರೆ ಗಂಜಿ ಹಾಕಿದ ಹಾಗೆ ಗಡುಸು.

ಬಿಳಿ ಬಟ್ಟೆ ತಾನೆ ಅಂತ ಮೊದಲು ಬ್ಲೀಚ್ ಹಾಕಿದೆ. ಹಳದಿ ಇನ್ನೂ ಜಾಸ್ತಿಯಾಯಿತು. ಆಮೇಲೆ ಬಚ್ಚಲ ಹಂಡೆಯಿಂದ ಸುಡುಸುಡು ನೀರು ತೋಡಿ ಸುರಿದೆ. ಅದೂ ತಪ್ಪೇ. ಬೆವರಿನಲ್ಲಿರುವ ಪ್ರೊಟೀನ್ ಬಿಸಿ ತಾಗಿದರೆ ನೂಲಿಗೆ ಕಚ್ಚಿಕೊಂಡು ಬಿಡುತ್ತದೆ. ಮೇಲಿಂದ ಇಸ್ತ್ರಿ ಬೇರೆ ಹಾಕಿದೆ. ಆ ಅಂಗಿ ಈಗ ಬೈಕ್ ಒರೆಸೋಕೆ.

ಅಸಲಿ ವಿಷಯ ಏನಂದರೆ, ಈ ಹಳದಿ ಬರೀ ಬೆವರಿನದಲ್ಲ. ಬೆವರು ತಡೆಯಲು ಹಚ್ಚುವ ರೋಲ್-ಆನ್‌ನಲ್ಲಿ ಅಲ್ಯೂಮಿನಿಯಂ ಉಪ್ಪು ಇರುತ್ತದೆ, ಅದು ಬೆವರಿನ ಜೊತೆ ಸೇರಿ ಹೀಗೆ ಕೂರುತ್ತದೆ. ಅಪ್ಪ ದಿನವಿಡೀ ತೋಟದಲ್ಲಿ ಬೆವರು ಸುರಿಸುತ್ತಾರೆ, ಅವರ ಬನಿಯನ್‌ಗೆ ಇಂಥ ಗಡುಸು ಕಲೆ ನಾನು ನೋಡಿಲ್ಲ. ಅವರು ರೋಲ್-ಆನ್ ಮುಟ್ಟಿದವರೇ ಅಲ್ಲ!

ಉಳಿದ ಎರಡು ಅಂಗಿಗೆ ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ಬಾಟಲಿ ಮೇಲೆ ಶೇ. 6 ಅಂತಿತ್ತು, ಅಷ್ಟೇ ನೀರು ಬೆರೆಸಿ ಶೇ. 3ಕ್ಕೆ ಇಳಿಸಿದೆ. ಆ ನೀರು ಎರಡು ಚಮಚ, ಅಡುಗೆ ಸೋಡಾ ಒಂದು ಚಮಚ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಅಂಗಿ ಒಳಮಗ್ಗುಲು ತಿರುಗಿಸಿ, ತಣ್ಣೀರಲ್ಲಿ ಅದ್ದಿ, ಇದನ್ನ ಬಳಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಕಿವಿ ಹತ್ತಿರ ಹಿಡಿದರೆ ಚುರ್ ಅನ್ನೋ ಸದ್ದು. ಮುಕ್ಕಾಲು ಗಂಟೆ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿದಾಗ ಹೊಲಿಗೆ ಸಂದಿಯಿಂದ ಮೇಣದಂಥ ಜಿಡ್ಡು ಬಿಟ್ಟುಕೊಂಡಿತು. ಒಂದೇ ಸಲಕ್ಕೆ ಪೂರ್ತಿ ಹೋಗಲಿಲ್ಲ. ಮೂರು ಸಲ ಮಾಡಬೇಕಾಯಿತು. ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿ ಪೆಟ್ಟಿಗೆ ಹತ್ತಿರ ಮಾತ್ರ ಹೋಗಬೇಡಿ.

ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಬೆಳ್ಳಗಾಗಿ ಉರಿಯುತ್ತದೆ. ಬಣ್ಣದ ಬಟ್ಟೆಗೆ ಇದು ಬೇಡ, ಬಣ್ಣ ಹೋದೀತು. ಅದಕ್ಕೆ ಒಂದು ಲೋಟ ಬಿಳಿ ವಿನೆಗರ್‌ಗೆ ಎರಡು ಲೋಟ ನೀರು ಬೆರೆಸಿ ಅರ್ಧ ಗಂಟೆ ನೆನೆಸುತ್ತೇನೆ, ಅದೂ ಮೊದಲು ಒಳ ಅಂಚಿನಲ್ಲಿ ಒಂದು ಹನಿ ಹಾಕಿ ನೋಡಿ. ವಿನೆಗರ್ ಮತ್ತು ಬ್ಲೀಚ್ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗ್ಯಾಸ್ ಬರುತ್ತದೆ. ರೇಷ್ಮೆಗೆ ಇವ್ಯಾವುದೂ ಬೇಡ, ಅಮ್ಮ ಅಂಟುವಾಳದ ನೊರೆಯಲ್ಲೇ ಅದ್ದಿ ತೆಗೆಯುತ್ತಾಳೆ.

ಈಗ ರೋಲ್-ಆನ್ ಹಚ್ಚಿ ಐದು ನಿಮಿಷ ಒಣಗಿದ ಮೇಲೇ ಅಂಗಿ ಹಾಕುತ್ತೇನೆ. ಸಂಜೆ ಬಂದ ಕೂಡಲೇ ಕಂಕುಳ ಜಾಗ ನೀರಿಗೆ ಹಿಡಿಯುತ್ತೇನೆ. ಮಳೆಗಾಲದಲ್ಲಿ ಬೆವರಿದ ಬಟ್ಟೆ ಬುಟ್ಟಿಯಲ್ಲಿ ಎರಡು ದಿನ ಉಳಿದರೆ ಬೂಷ್ಟಿನ ಕಪ್ಪು ಚುಕ್ಕೆ ಬೇರೆ, ಅದರ ಕಥೆ ಬೇಡ.

ಅಂಗಿ ಬೆಳ್ಳಗಾಗಿದ್ದು ನೋಡಿ ಅಪ್ಪ ಅಡಿಕೆ ಗೊನೆ ಕೊಯ್ಯುವಾಗ ಹಾಕುವ ತಮ್ಮ ಬನಿಯನ್ ತಂದು ಮುಂದಿಟ್ಟರು, ಅಡಿಕೆ ಚೊಗರಿನ ಕಂದು ಕಲೆ. ಮೂರಲ್ಲ, ಐದು ಸಲ ತಿಕ್ಕಿದೆ. ಬನಿಯನ್ ತೂತಾಯಿತು, ಕಲೆ ಹಾಗೇ ಇದೆ.